ಐರಿನ್ ಆರಿಸಿದ ವಾಲ್ವ್ ಆಂಪ್

ಮಂಗಳೂರಿನ ಒಂದು ಆರ್ಕೆಸ್ಟ್ರಾದಲ್ಲಿ ಐರಿನ್ ಎಂಬವಳು ಹನ್ನೆರಡು ವರ್ಷಗಳಿಂದ ಗಿಟಾರ್ ಬಾರಿಸುತ್ತಿದ್ದಳು. ಒಂದು ಸೋಮವಾರ ತಂಡದ ಯಜಮಾನ ಜಯಕರಣ್ಣ ಅವಳನ್ನು ಕರೆದು ಖಡಾಖಂಡಿತವಾಗಿ ಹೇಳಿಬಿಟ್ಟ.

“ಐರಿನ್, ನಿನ್ನ ಗಿಟಾರಿನ ಗಲಾಟೆಯಲ್ಲಿ ಹಾಡಿನ ಮಾತು ಒಂದೂ ಕೇಳುದಿಲ್ಲ. ಬರುವ ಭಾನುವಾರದ ಪ್ರೋಗ್ರಾಮ್ ಒಂದು ನೋಡ್ತೇನೆ. ಆಗಲೂ ಹೀಗೇ ಆದ್ರೆ ನೀನು ಬಾರಿಸುವ ಪೀಸನ್ನೆಲ್ಲ ಕೀಬೋರ್ಡಿನವನೇ ಬಾರಿಸ್ತಾನೆ. ಬೇಜಾರು ಮಾಡ್ಬೇಡ.”

ಇಷ್ಟು ಹೇಳಿ ಬೇಜಾರು ಮಾಡಬೇಡ ಎಂದರೆ ಯಾರು ಕೇಳುತ್ತಾರೆ? ಐರಿನ್‌ಗೆ ಅಳುವೇ ಬಂತು. ಆದರೆ ಜಯಕರಣ್ಣ ಕೆಟ್ಟವನಲ್ಲ. ತಂಡದ ಹಾಡುಗಳನ್ನು ಬರೆಯುವವನು ಅವನೇ. ಬರೆದವನಿಗೆ ತನ್ನ ಮಾತೇ ಕೇಳಿಸದಿದ್ದರೆ ಹೊಟ್ಟೆ ಉರಿಯುವುದು ಸಹಜ. ಒಂದು ಉಪಾಯವನ್ನೂ ಅವನೇ ಹೇಳಿದ. “ಆ ಪೆಡಲ್ ತೆಗೆದು ಮನೆಯಲ್ಲಿಡು. ಸುಲಭ ಅಲ್ವಾ?”

ಪೆಡಲ್ ಎಂದರೆ ಕಾಲಿನಿಂದ ಒತ್ತುವ ಅಂಗೈಯಗಲದ ಡಬ್ಬಿ. ಗಿಟಾರಿನವರು ಅದನ್ನು ಓವರ್‌ಡ್ರೈವ್ ಎನ್ನುತ್ತಾರೆ. ಅದನ್ನು ಒತ್ತಿದರೆ ಗಿಟಾರಿನ ಸ್ವರ ಸ್ವಲ್ಪ ಒರಟಾಗುತ್ತದೆ, ಗಂಟಲು ಬಿಗಿದವರು ಹಾಡಿದ ಹಾಗೆ ಎಳೆದು ಎಳೆದು ಬರುತ್ತದೆ. ಜಯಕರಣ್ಣ ತನ್ನ ಅಮ್ಮನ ಮೇಲೆ ಬರೆದ ಹಾಡೊಂದಿತ್ತು. ಅದರ ಎರಡನೇ ಚರಣದ ಹಿಂದೆ ಆ ಸ್ವರ ಇರಲೇಬೇಕು ಎಂಬುದು ಐರಿನ್‌ಳ ಹಠ.

“ಪೆಡಲ್ ಬಿಡುದಿಲ್ಲ ಜಯಕರಣ್ಣ,” ಎಂದಳು. “ಮಾತೂ ಕೇಳ್ತದೆ. ಭಾನುವಾರ ನೋಡಿ.”

ತಪ್ಪು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆಗೆ ಆಂಪ್ ಎನ್ನುತ್ತಾರಲ್ಲ, ಅವಳದು ತೀರಾ ಹಳೆಯದು. ಪೆಡಲ್ ಒತ್ತಿದ ಕೂಡಲೇ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್ ಎನ್ನುತ್ತಿತ್ತು. ಒಳ್ಳೆಯದೊಂದು ವಾಲ್ವ್ ಆಂಪ್ ತೆಗೆದುಕೊಳ್ಳುವುದೆಂದು ಅವಳು ನಿರ್ಧರಿಸಿದಳು. ವಾಲ್ವ್ ಎಂದರೇನು ಎನ್ನುವ ಮಕ್ಕಳು ಮನೆಯ ಹಿರಿಯರನ್ನು ಕೇಳಿ. ಹಳೇ ರೇಡಿಯೊದೊಳಗೆ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುರುಡೆ ಅದೇ. ಗಿಟಾರಿನವರಿಗೆ ಇವತ್ತಿಗೂ ಅದೆಂದರೆ ಪ್ರಾಣ.

ಮಂಗಳವಾರ ಗಿಟಾರ್ ಹೆಗಲಿಗೇರಿಸಿ ಲೋಕಯ್ಯಣ್ಣನ ವಾದ್ಯದ ಅಂಗಡಿಗೆ ಹೋದಳು. ಅಲ್ಲಿ ಎರಡು ವಾಲ್ವ್ ಆಂಪ್‌ಗಳಿದ್ದವು. ಒಂದು ಕಪ್ಪಗೆ ಮಿರಿಮಿರಿ ಮಿಂಚುತ್ತ ಬಾಗಿಲಿನ ಎದುರೇ ಇತ್ತು. ಇನ್ನೊಂದು ಕಂದು ಬಣ್ಣದ್ದು ಮೂಲೆಯಲ್ಲಿತ್ತು. ಲೋಕಯ್ಯಣ್ಣ ಅದರ ಮೇಲೆ ಪೇಪರ್ ರಾಶಿ ಹಾಕಿದ್ದ.

ಗಿಟಾರಿನವರದ್ದು ಒಂದು ಚಾಳಿ ಇದೆ. ಅಂಗಡಿಗೆ ಕಾಲಿಟ್ಟ ಕೂಡಲೇ ತಮಗೆ ಬರುವ ಅತಿ ವೇಗದ ಪೀಸನ್ನು ಬಾರಿಸುತ್ತಾರೆ. ವೇದಿಕೆಯಲ್ಲಿ ಅದನ್ನು ಬಾರಿಸಲು ಯಾರೂ ಬಿಡುವುದಿಲ್ಲ. ಅಲ್ಲಿ ಹಾಡುವವರ ಹಿಂದೆ ಸುಮ್ಮನೆ ನಡೆಯುವ ಕೆಲಸ. ಆದರೂ ಆಂಪ್ ಆರಿಸುವುದು ಮಾತ್ರ ಈ ಶೂರತನದಿಂದಲೇ. ನಗಬೇಡಿ ಸ್ವಾಮಿ, ಹೆಣ್ಣು ನೋಡಲು ಹೋದಾಗ ನಾವು ಮಾಡುವುದೂ ಇಷ್ಟೇ.

ಐರಿನ್ ಕಪ್ಪು ಆಂಪಿಗೆ ವಯರ್ ಸಿಕ್ಕಿಸಿ ಬಾರಿಸಿದಳು. ಅಬ್ಬಾ, ಅದರ ಗರ್ಜನೆಯೇ! ಹೊರಗೆ ಹೋಗುತ್ತಿದ್ದ ನಾಲ್ಕಾರು ಜನ ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೆದರು. ಅವಳ ಮುಖ ಊರಗಲವಾಯಿತು. “ಲೋಕಯ್ಯಣ್ಣ, ಇದನ್ನು ಬೇರೆ ಯಾರಿಗೂ ಕೊಡ್ಬೇಡಿ. ನಾಳೆ ತಗೊಂಡು ಹೋಗ್ತೇನೆ,” ಎಂದು ಮಾತು ಕೊಟ್ಟು ಬಂದಳು.

ಬುಧವಾರ ತಂಡದ ಗಾಯಕಿ ವಾರಿಜಕ್ಕನನ್ನೂ ಕರೆದುಕೊಂಡು ಹೋದಳು. ಹೊಸ ಆಂಪ್ ತೋರಿಸುವ ಹುರುಪು, ಅಷ್ಟೇ. ವಾರಿಜಕ್ಕ ಸ್ಟೂಲಿನ ಮೇಲೆ ಕೂತು ಆ ವೇಗದ ಪೀಸನ್ನು ಪೂರ್ತಿ ಕೇಳಿದಳು.

“ಚಂದ ಉಂಟು. ಆದ್ರೆ ಭಾನುವಾರ ನಾವು ಮಾಡುದು ಇದಲ್ಲ ಅಲ್ವಾ? ಪೆಡಲ್ ಹಾಕು. ಅಮ್ಮನ ಹಾಡು ಬಾರಿಸು. ನಾನು ಹಾಡ್ತೇನೆ.”

“ಇಲ್ಲಿ? ಅಂಗಡಿಯಲ್ಲಿ? ಜನ ಎಂತ ಹೇಳ್ತಾರೆ ವಾರಿಜಕ್ಕ?”

“ಜನರ ಎದುರು ಹಾಡುದೇ ನನ್ನ ಕೆಲಸ ಮಾರಾಯ್ತಿ. ನೀನು ಬಾರಿಸು.”

ಮೊದಲ ಚರಣ ಚೆನ್ನಾಗಿಯೇ ಹೋಯಿತು. ಎರಡನೆಯದಕ್ಕೆ ಐರಿನ್ ಪೆಡಲ್ ಒತ್ತಿದಳು. ಮೊದಲೇ ಗರ್ಜಿಸುತ್ತಿದ್ದ ಆಂಪ್ ಪೆಡಲಿನ ಒರಟನ್ನೂ ನುಂಗಿತು, ವಾರಿಜಕ್ಕನ ದನಿಯನ್ನೂ ನುಂಗಿತು. ಯಾವ ಸ್ವರ ಯಾವುದೆಂದು ತಿಳಿಯದ ಹಾಗೆ ಎಲ್ಲ ಕಲಸುಮೇಲೋಗರ. ವಾರಿಜಕ್ಕ ಹಾಡು ನಿಲ್ಲಿಸಿದಳು.

ಐರಿನ್ ಬಿಡಲಿಲ್ಲ. ಗುಂಡಿಗಳನ್ನು ತಿರುಗಿಸಿದಳು. ಸದ್ದು ತಗ್ಗಿಸಿದಳು. ತಗ್ಗಿಸಿದರೆ ಮಾತೇನೋ ಕೇಳುತ್ತಿತ್ತು, ಆದರೆ ಗಿಟಾರ್ ಪಕ್ಕದ ಮನೆಯ ಟಿ.ವಿ.ಯ ಹಾಗೆ ದೂರದಿಂದ ಬರುತ್ತಿತ್ತು. ಒಂದು ಗಂಟೆ ಒದ್ದಾಡಿದಳು. ಅಷ್ಟು ಜನ ಚಪ್ಪಾಳೆ ಹೊಡೆದ ಆಂಪ್! ಬಿಡಲು ಮನಸ್ಸು ಬರಬೇಕಲ್ಲ.

ಕೊನೆಗೆ ಬೆವರು ಒರೆಸಿಕೊಂಡು ಮೂಲೆಯ ಕಂದು ಆಂಪ್ ಕಡೆ ಬೆರಳು ತೋರಿಸಿದಳು.

“ಅದು ಸಪ್ಪೆ ಐರಿನಕ್ಕ,” ಎಂದ ಲೋಕಯ್ಯಣ್ಣ. “ಮೂರು ವರ್ಷದಿಂದ ಯಾರೂ ಕೇಳ್ಲಿಲ್ಲ.”

“ಸಪ್ಪೆಯೋ ಖಾರವೋ, ಒಮ್ಮೆ ನೋಡಿಯೇ ಬಿಡ್ತೇನೆ. ಪೇಪರ್ ತೆಗೀರಿ.”

ಅದು ನಿಜಕ್ಕೂ ಸಪ್ಪೆಯೇ. ತಂತಿ ಎಷ್ಟು ಹೇಳಿತೋ ಅಷ್ಟನ್ನೇ ಹೇಳಿತು, ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ. ದಾರಿಯಲ್ಲಿ ಹೋಗುವವರು ತಲೆಯನ್ನೂ ತಿರುಗಿಸಲಿಲ್ಲ. ವಾರಿಜಕ್ಕ ಹಾಡಿದಳು. ಎರಡನೇ ಚರಣ ಬಂತು. ಐರಿನ್ ಪೆಡಲ್ ಒತ್ತಿದಳು.

ಈಗ ಪೆಡಲಿನ ಸ್ವರ ಪೆಡಲಿನದ್ದಾಗಿಯೇ ಹೊರಗೆ ಬಂತು. ಒರಟಿತ್ತು, ಎಳೆತವಿತ್ತು, ಪ್ರತಿ ತಂತಿಯೂ ಬೇರೆ ಬೇರೆ ಕೇಳುತ್ತಿತ್ತು. ಅದರ ಮುಂದೆ ವಾರಿಜಕ್ಕನ ದನಿ ಸ್ಪಷ್ಟವಾಗಿ ಸಾಗಿತು. ಓದಲು ಬಾರದ ತಾಯಿಯೊಬ್ಬಳು ಬೀಡಿ ಕಟ್ಟುತ್ತ, ಮಗನ ಪುಸ್ತಕವನ್ನು ಮಡಿಲಲ್ಲಿ ತಲೆಕೆಳಗಾಗಿ ಇಟ್ಟುಕೊಂಡು, ಅವನು ಪಾಠ ಒಪ್ಪಿಸಿದಂತೆಲ್ಲ “ಸರಿ, ಸರಿ” ಎನ್ನುತ್ತಿದ್ದಳು ಎಂದಿತ್ತು ಆ ಚರಣದಲ್ಲಿ.

ಐರಿನ್‌ಳ ಕೈ ನಿಂತೇಹೋಯಿತು.

“ವಾರಿಜಕ್ಕ, ಈ ಹಾಡಿನಲ್ಲಿ ಪುಸ್ತಕದ ವಿಷಯ ಉಂಟಾ?”

“ಆರು ವರ್ಷದಿಂದ ಉಂಟು ಮಾರಾಯ್ತಿ.”

ಐರಿನ್‌ಗೆ ನಾಚಿಕೆಯಾಯಿತು, ದುಃಖವೂ ಆಯಿತು. ಆರು ವರ್ಷ ಅದೇ ಚರಣದ ಹಿಂದೆ ಕಣ್ಣು ಮುಚ್ಚಿ ಬಾರಿಸಿದ್ದಳು. ಒಂದು ದಿನವೂ ಅದನ್ನು ಕೇಳಿರಲಿಲ್ಲ.

ಲೋಕಯ್ಯಣ್ಣ ತಲೆ ಕೆರೆದುಕೊಂಡ. “ನನಗೂ ಈಗ ಗೊತ್ತಾದ್ದು ನೋಡಿ. ಆ ಕಪ್ಪು ಆಂಪ್ ತಾನೇ ಅರ್ಧ ಪೆಡಲ್. ಅದರ ಮೇಲೆ ನಿಮ್ಮದನ್ನೂ ಹೇರಿದ್ರೆ ಜಾಗ ಎಲ್ಲುಂಟು? ಇದು ಹಾಗಲ್ಲ. ಎಷ್ಟು ದೂಡಿದ್ರೂ ಅದರ ಸ್ವರ ಕೆಡುದಿಲ್ಲ.”

“ನಿನ್ನೆ ಕೊಟ್ಟ ಮಾತು ವಾಪಸ್ ತಗೊಳ್ತೇನೆ ಲೋಕಯ್ಯಣ್ಣ. ತಪ್ಪು ನನ್ನದೇ. ಇದನ್ನೇ ಕೊಡಿ.”

“ನಿನ್ನೆ ಚಪ್ಪಾಳೆ ಹೊಡೆದವರು ನಗಾಡ್ತಾರೆ.”

“ನಗಾಡ್ಲಿ. ಅವರು ಭಾನುವಾರ ಬಂದು ಹಾಡುದಿಲ್ಲವಲ್ಲ.”

ಗುರುವಾರ, ಶುಕ್ರವಾರ, ಶನಿವಾರ, ಮೂರು ದಿನವೂ ಇಬ್ಬರೂ ಅದೊಂದೇ ಹಾಡನ್ನು ಅಭ್ಯಾಸ ಮಾಡಿದರು. ಬೆರಳ ತುದಿ ಸುಲಿದರೂ ಐರಿನ್ ಏಳಲಿಲ್ಲ. ಚರಣದ ಯಾವ ಮಾತಿಗೆ ಸ್ವರ ಎಳೆಯಬೇಕು, ಯಾವ ಮಾತಿಗೆ ಸುಮ್ಮನಿರಬೇಕು ಎಂದು ಮೊದಲ ಬಾರಿಗೆ ಕಲಿತಳು.

ಭಾನುವಾರ ಸಂಜೆ ಸಭಾಂಗಣ ತುಂಬಿತ್ತು. ಜಯಕರಣ್ಣ ವೇದಿಕೆಯ ಬದಿಯಲ್ಲಿ ಕೈಕಟ್ಟಿ ನಿಂತಿದ್ದ. ಎರಡನೇ ಚರಣಕ್ಕೆ ಐರಿನ್ ಪೆಡಲ್ ಒತ್ತಿದಳು. ಪುಸ್ತಕ ತಲೆಕೆಳಗಾದ ಸಾಲಿಗೆ ಜನ ನಕ್ಕರು. ತಾಯಿ “ಸರಿ, ಸರಿ” ಎನ್ನುವ ಸಾಲಿಗೆ ಯಾರೂ ನಗಲಿಲ್ಲ. ಹಿಂದಿನ ಕುರ್ಚಿಗಳ ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಂಡರು. ಗಿಟಾರ್ ಅವರ ಜೊತೆಗೇ ಅಳುತ್ತಿತ್ತು.

ಹಾಡು ಮುಗಿದ ಮೇಲೆ ಜಯಕರಣ್ಣ ಐರಿನ್ ಹತ್ತಿರ ಬಂದ.

“ಅಮ್ಮ ತೀರಿಹೋಗುವ ಮೊದಲು ಎರಡು ಸಲ ಈ ಹಾಡು ಕೇಳ್ಲಿಕ್ಕೆ ಬಂದಿದ್ರು. ಮನೆಗೆ ಬಂದು, ಚಂದ ಆಯ್ತು ಮಗಾ, ಆದ್ರೆ ಎಂತ ಹೇಳಿದ್ದು ಅಂತ ಗೊತ್ತಾಗ್ಲಿಲ್ಲ ಅಂದಿದ್ರು,” ಎಂದ. ಆಮೇಲೆ ಕಣ್ಣೊರೆಸಿಕೊಂಡು, “ಶನಿವಾರ ಸುರತ್ಕಲ್‌ನಲ್ಲಿ ಪ್ರೋಗ್ರಾಮ್. ಬೇಗ ಬಾ,” ಎಂದ.

ಐರಿನ್‌ಗೆ ಗೆದ್ದ ಸಂತೋಷಕ್ಕಿಂತ, ಆ ಎರಡು ಸಲವೂ ಬಾರಿಸಿದ್ದು ತಾನೇ ಎಂಬುದು ಹೆಚ್ಚು ನಾಟಿತು. “ಬರ್ತೇನೆ ಜಯಕರಣ್ಣ,” ಎಂದಷ್ಟೇ ಹೇಳಿದಳು.

ನೀತಿ: ತಮ್ಮ ಸದ್ದಿನಿಂದಲೇ ತುಂಬಿಹೋದವರಲ್ಲಿ ಇನ್ನೊಬ್ಬರ ದನಿಗೆ ಜಾಗವಿರುವುದಿಲ್ಲ. ವಸ್ತುವಾಗಲಿ, ಜೊತೆಗಾರರಾಗಲಿ, ಆರಿಸುವ ಮೊದಲು ನೀವು ದಿನವೂ ಮಾಡುವ ಕೆಲಸವನ್ನೇ ಅವರ ಜೊತೆ ಒಮ್ಮೆ ಮಾಡಿ ನೋಡಿ. ಆರಿಸಿದ್ದು ತಪ್ಪೆಂದು ಗೊತ್ತಾದರೆ ಆ ಹೊತ್ತಿಗೇ ಒಪ್ಪಿಕೊಂಡು ಬದಲಿಸಿ. ಕೇಳಬೇಕಾದವರು ಎಲ್ಲ ಕಾಲಕ್ಕೂ ಎದುರು ಕೂತಿರುವುದಿಲ್ಲ.