ಹೊಳೆಯಾಚೆಯವಳ ಅಂಕಿತ

"ಗುರುಗಳೇ, ನಾಳೆ ನನಗೆ ದೀಕ್ಷೆ. ತಾಯಿ ಇಟ್ಟ ಹೆಸರು ಬಿಟ್ಟು ಬೇರೆ ಹೆಸರು ಹೊರಬೇಕು. ಅದು ಸುಳ್ಳಾಗುವುದಿಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಪಂಡಿತನಿದ್ದ. ಹಾಡು ಕಟ್ಟುವವರು ಹಾಡಿನ ಕೊನೆಗೆ ಇಡುವ ಅಂಕಿತಗಳನ್ನೆಲ್ಲ ಕೂಡಿಸಿ, ಯಾವ ಅಂಕಿತದ ಹಿಂದೆ ಯಾರಿದ್ದಾರೆಂದು ತಿಳಿಸುವ ಕೋಶವನ್ನು ಬರೆಯುತ್ತಿದ್ದ. ಅದರಲ್ಲೇ ಅವನ ಕೂದಲು ನರೆಯಿತು. ಕಡೆಗೆ ಒಂದು ಅಂಕಿತ ಉಳಿಯಿತು: 'ಹೊಳೆಯಾಚೆಯವಳು'. ಅವಳ ಜೋಗುಳ ಕೇಳದ ತೊಟ್ಟಿಲಿರಲಿಲ್ಲ. ಅವಳು ಯಾರೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಹಾಡಿನ ಜಾಡು ಹಿಡಿದು ಅವನು ಒಂದು ಹೊಳೆಯ ದಡಕ್ಕೆ ಬಂದ. ಬೆಳಗಿನ ಮಂಜಿನಲ್ಲಿ ನೀರು ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಮುದುಕಿಯೊಬ್ಬಳು ಬಟ್ಟೆ ಒಗೆಯುತ್ತ ಹಾಡಿಕೊಳ್ಳುತ್ತಿದ್ದಳು. ಕೊನೆಗೆ ಅದೇ ಅಂಕಿತ. ಆದರೆ ಆ ಹಾಡನ್ನು ಅವನು ಎಲ್ಲೂ ಕೇಳಿರಲಿಲ್ಲ.

"ತಾಯಿ, ಇದನ್ನು ಕಟ್ಟಿದವರು ನೀವೇ? ನನ್ನ ಕೋಶದಲ್ಲಿ ಹೆಸರು ಬರೆಯಬೇಕು."

"ಕಟ್ಟಿದವಳು ನಾನು. ಹೆಸರು ನನ್ನ ಓರಗಿತ್ತಿಯದು. ಆಚೆ ದಡದಿಂದ ಬಂದವಳೆಂದು ಎಲ್ಲರೂ ಹಾಗೇ ಕರೆದೆವು. ಬಸುರಿದ್ದಾಗ ಮಗುವಿಗೆಂದು ಹಾಡು ಕಟ್ಟಿದಳು. ಹೆತ್ತು ಕಣ್ಣು ಮುಚ್ಚಿದಳು. ಕೂಸು ಬೆಳೆದು, ಅವ್ವನ ಇನ್ನೊಂದು ಹಾಡು ಹೇಳು ಅಂತು. ಅವಳ ಹಾಡು ಮುಗಿದಿದ್ದವು. ಇಲ್ಲವೆಂದು ಹೇಗೆ ಹೇಳಲಿ? ನನ್ನ ಹೆಸರು ಬರೆಯಬೇಡಪ್ಪ. ಆ ಮಗಳಿಗೆ ಓದು ಬರುತ್ತದೆ."

ಮಗಳನ್ನು ಆಚೆ ದಡಕ್ಕೇ ಕೊಟ್ಟಿದ್ದರು. ಸತ್ತವಳ ಹುಟ್ಟುಹೆಸರನ್ನಾದರೂ ಬರೆದುಕೊಳ್ಳೋಣವೆಂದು ಪಂಡಿತ ಹರಿಗೋಲು ಹತ್ತಿ ಅವಳ ಮನೆಗೆ ಹೋದ. ಮುದುಕಿಯ ಮಾತನ್ನು ಬಾಯಿಬಿಡದೆ, ಈ ಹಾಡುಗಳನ್ನೆಲ್ಲ ಕಟ್ಟಿದ ನಿಮ್ಮ ತಾಯಿಯ ಹೆಸರೇನೆಂದು ಕೇಳಿದ.

ಮಗಳು ದನಿ ತಗ್ಗಿಸಿದಳು.

"ಸತ್ತವರು ಹೊಸ ಹಾಡು ಕಟ್ಟುತ್ತಾರೆಯೇ ಸ್ವಾಮಿ? ಚಿಕ್ಕಂದಿನಿಂದ ನನಗೆ ಗೊತ್ತು. ದೊಡ್ಡವ್ವನಿಗೆ ಮಾತ್ರ ಹೇಳಬೇಡಿ. ನನಗೆ ಗೊತ್ತೆಂದು ತಿಳಿದರೆ ಅವಳು ಹಾಡು ನಿಲ್ಲಿಸುತ್ತಾಳೆ. ಆಮೇಲೆ ನನಗೆ ಇಬ್ಬರೂ ಇಲ್ಲ."

ಪಂಡಿತ ಊರಿಗೆ ಮರಳಿದ. ಬಹಳ ದಿನ ಲೇಖನಿ ಮುಟ್ಟಲಿಲ್ಲ. ಕಣ್ಣು ಮುಚ್ಚಿದರೆ ಮಂಜು, ಮಂಜಿನೊಳಗೆ ಹಾಡು, ಯಾವ ದಡದ್ದೆಂದು ಗೊತ್ತಾಗದು. ಕಡೆಗೆ ಆ ಅಂಕಿತದ ಮುಂದೆ 'ನಿಜನಾಮ ತಿಳಿದಿಲ್ಲ' ಎಂದು ಬರೆದು ಕೋಶ ಮುಗಿಸಿದ. ಮನೆಮನೆಯ ಜೋಗುಳ ಕಟ್ಟಿದವಳ ಹೆಸರೇ ಇವನಿಗೆ ಸಿಗಲಿಲ್ಲವಲ್ಲ ಎಂದು ವಿದ್ವಾಂಸರು ನಕ್ಕರು.

"ಹಾಗಾದರೆ ಅವನೂ ಸುಳ್ಳು ಬರೆದಂತಾಯಿತಲ್ಲ?" ಎಂದ ಶಿಷ್ಯ.

"'ತಿಳಿದಿಲ್ಲ' ಎಂದು ಬರೆಯಲು ಅವನು ಎಷ್ಟು ತಿಳಿಯಬೇಕಾಯಿತು ನೋಡು, ಮಗು."