ಜೋಡಿ ಕೂಡದ ಮಲ್ಲರು

"ಉಸ್ತಾದರೇ, ಬಾಕ್ಸಿಂಗ್ ನೋಡಲು ಜನ ಏಕೆ ಬರುತ್ತಿಲ್ಲ?"

ಹೀಗೆ ಕೇಳಿದವನು ಸಿದ್ರಾಮ. ಹಿಂದಿನ ಸಂಜೆ ಅವನು ಪಟ್ಟಣದ ಸಭಾಂಗಣದಲ್ಲಿ ಆಡಿ ಗೆದ್ದು ಬಂದಿದ್ದ. ಸಂಭಾವನೆ ಪಡೆದು ಆಡಿದ ಅವನ ಮೊದಲ ಪಂದ್ಯ ಅದು. ರೆಫರಿ ಅವನ ಕೈ ಎತ್ತಿ ಹಿಡಿದಾಗ ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲುಗಳಲ್ಲಿ ಬರೀ ಕುರ್ಚಿಗಳಿದ್ದವು. ಗೆದ್ದ ಸಂತೋಷ ಮನೆ ಮುಟ್ಟುವ ಮೊದಲೇ ಆರಿಹೋಗಿತ್ತು.

ಗುರು ತಿಮ್ಮೋಜಿ ಗರಡಿಯ ಕಟ್ಟೆಯ ಮೇಲೆ ಕೂತು ಹರಿದ ಗ್ಲೌಸಿಗೆ ಹೊಲಿಗೆ ಹಾಕುತ್ತಿದ್ದರು. ತಲೆ ಎತ್ತದೆ, "ನೀನೇ ಹೇಳು, ಏಕೆ?" ಎಂದರು.

"ರಕ್ತ ಕಂಡರೆ ಈಗಿನವರಿಗೆ ಆಗುವುದಿಲ್ಲವಂತೆ. ಇದ್ದವರನ್ನೆಲ್ಲ ಕ್ರಿಕೆಟ್ ಎಳೆದುಕೊಂಡಿತಂತೆ."

"ರಸ್ತೆಯಲ್ಲಿ ಎರಡು ಬೈಕು ಗುದ್ದಿಕೊಂಡರೆ ಸುತ್ತ ಕೋಟೆ ಕಟ್ಟಿದ ಹಾಗೆ ನಿಲ್ಲುವವರು ಯಾರಪ್ಪ, ಬೇರೆ ಲೋಕದವರೇ? ರಕ್ತದ ಮಾತು ಬಿಡು. ಕ್ರಿಕೆಟ್ಟೂ ಯಾರ ಜುಟ್ಟನ್ನೂ ಹಿಡಿದು ಎಳೆದೊಯ್ಯಲಿಲ್ಲ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಸಿದ್ರಾಮ ಕೂತ. ಗುರು ಹೇಳತೊಡಗಿದರು.

ಒಂದು ಹೊಳೆ. ಈಚೆ ದಡದಲ್ಲಿ ಒಂದು ಊರು, ಆಚೆ ದಡದಲ್ಲಿ ಒಂದು ಊರು. ಈಚೆ ಊರಿನಲ್ಲಿ ಒಬ್ಬ ಮಲ್ಲನಿದ್ದ. ಮಲ್ಲ ಎಂದರೆ ಕುಸ್ತಿಯವನಲ್ಲ, ನಿನ್ನಂತೆ ಮುಷ್ಟಿಯಲ್ಲಿ ಆಡುವವನು. ಅವನ ಬಲಗೈಯ ಗುದ್ದು ತಿಂದು ನಿಂತವರಿರಲಿಲ್ಲ. ಆಚೆ ಊರಿನಲ್ಲೂ ಒಬ್ಬ ಮಲ್ಲನಿದ್ದ. ಅವನನ್ನು ನೆಲಕ್ಕೆ ಬೀಳಿಸಿದವರಿರಲಿಲ್ಲ. ಇವನದು ಹೊಡೆಯುವ ಕೈ, ಅವನದು ತಡೆಯುವ ಮೈ. ಇಬ್ಬರೂ ಪ್ರಾಯದವರು. ಇಬ್ಬರೂ ಸೋಲು ಕಾಣದವರು. ಆದರೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಇನ್ನು ಜನಕ್ಕೆ ಬೇರೆ ಮಾತು ಬೇಕೇ? ಕ್ಷೌರಕ್ಕೆ ಕೂತವನು ಅರ್ಧ ಗಡ್ಡದಲ್ಲಿ ಎದ್ದು ನಿಂತು ವಾದ ಮಾಡುತ್ತಿದ್ದ. ದೋಣಿಯಲ್ಲಿ ಎರಡೂ ಊರಿನವರು ಕೂಡಿದರೆ ಅಂಬಿಗನೂ ಹುಟ್ಟು ಬಿಟ್ಟು ತನ್ನದೊಂದು ಮಾತು ಸೇರಿಸುತ್ತಿದ್ದ. 'ನಮ್ಮವನ ಒಂದು ಗುದ್ದು ಸಾಕು' ಎಂದು ಇವರು. 'ಹೊಡೆದೂ ಹೊಡೆದೂ ನಿಮ್ಮವನ ಕೈ ಸೋಲುತ್ತದೆ, ನಮ್ಮವನು ನಿಂತೇ ಇರುತ್ತಾನೆ' ಎಂದು ಅವರು. ಈ ಮಾತಿಗಾಗಿ ಮಾವ ಅಳಿಯ ಮುಖ ನೋಡುವುದನ್ನು ಬಿಟ್ಟದ್ದುಂಟು. ಈಚೆ ಊರಿನ ಒಬ್ಬ ಗಾಣಿಗ, ಈ ಜೋಡಿ ಕೂಡುವ ತನಕ ಮೀಸೆಗೆ ಕತ್ತರಿ ಮುಟ್ಟಿಸುವುದಿಲ್ಲ ಎಂದು ಎಲ್ಲರೆದುರು ಹೇಳಿಬಿಟ್ಟ. ಜಗಳವಲ್ಲ ಅದು ತಮ್ಮಾ, ಆಸೆ. ಇಬ್ಬರೂ ಒಂದು ಸಲ ಎದುರಾಗಲಿ, ಕಣ್ಣಾರೆ ನೋಡಿಬಿಡೋಣ ಎಂಬ ಆಸೆ.

ಎಲ್ಲರಿಗಿಂತ ಹೆಚ್ಚು ಆಸೆ ಇದ್ದದ್ದು ಈಚೆ ಮಲ್ಲನಿಗೇ. ದೋಣಿ ಇಳಿದು ಬಂದವರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದ: ಅವನು ಯಾವ ಕಾಲು ಮುಂದಿಟ್ಟು ನಿಲ್ಲುತ್ತಾನೆ? ಪೆಟ್ಟು ಬಿದ್ದಾಗ ಕಣ್ಣು ಮುಚ್ಚುತ್ತಾನೋ, ತೆರೆದೇ ಇರುತ್ತಾನೋ? ಮರಳು ತುಂಬಿದ ಚೀಲಕ್ಕೆ ಗುದ್ದುವಾಗ ಅವನು ಗುದ್ದುತ್ತಿದ್ದದ್ದು ಚೀಲಕ್ಕಲ್ಲ, ತಾನು ಕಾಣದ ಆ ಮನುಷ್ಯನಿಗೆ. 'ನನ್ನನ್ನು ನೋಡಲು ಬಂದಾಗಲೂ ನೀವು ಇಷ್ಟು ಚಡಪಡಿಸಿರಲಿಲ್ಲ' ಎಂದು ಹೆಂಡತಿ ಛೇಡಿಸುತ್ತಿದ್ದಳು. ಅವನು ನಗುತ್ತಿದ್ದ, ಅಲ್ಲವೆನ್ನುತ್ತಿರಲಿಲ್ಲ.

ಅವನನ್ನು ಸಾಕಿದವನು ಒಬ್ಬ ವರ್ತಕ. ಪಂದ್ಯ ಆಡಿಸುವುದೇ ಅವನ ವ್ಯಾಪಾರ. ಕೆಟ್ಟವನೇನಲ್ಲ, ಮಲ್ಲನಿಗೆ ಹಾಲು ತುಪ್ಪ ತಾನೇ ಮುಂದೆ ನಿಂತು ಕೊಡಿಸುತ್ತಿದ್ದ. ಆದರೆ ಒಂದು ವಿಚಾರ ಅವನ ತಲೆಯಲ್ಲಿ ಬೇರು ಬಿಟ್ಟಿತ್ತು. ಸೋಲದವನನ್ನು ನೋಡಲು ಜನ ಬರುತ್ತಾರೆ, ಒಮ್ಮೆ ಸೋತರೆ ನಾಳೆ ಯಾರು ಬರುತ್ತಾರೆ? ಆಚೆ ದಡದಲ್ಲೂ ಒಬ್ಬ ವರ್ತಕನಿದ್ದ. ಅವನ ತಲೆಯಲ್ಲೂ ಇದೇ ಇತ್ತು.

ಒಂದು ದಿನ ಮಲ್ಲ ವರ್ತಕನ ಬಳಿ ಹೋದ. 'ಧಣಿ, ಆಚೆಯವನೊಂದಿಗೆ ನನ್ನ ಜೋಡಿ ಕಟ್ಟಿ' ಎಂದ.

'ಕಟ್ಟೋಣ. ಹಸಿವು ಇನ್ನೂ ಸ್ವಲ್ಪ ಏರಲಿ.'

'ನನಗೆ ಈಗಲೇ ಹಸಿವಾಗಿದೆ, ಧಣಿ.'

'ನಿನ್ನದಲ್ಲಪ್ಪ, ಜನರದ್ದು' ಎಂದ ವರ್ತಕ.

ಅಲ್ಲಿಯವರೆಗೆ ಸುಮ್ಮನೆ ಕೂರುವುದು ಹೇಗೆ? ವರ್ತಕ ಎಲ್ಲೆಲ್ಲಿಂದಲೋ ಎದುರಾಳಿಗಳನ್ನು ತಂದ. ಒಬ್ಬನಿಗೆ ಮಂಡಿ ನೋವು, ಒಬ್ಬನಿಗೆ ಮುಷ್ಟಿ ಕಟ್ಟುವುದೇ ತಿಳಿಯದು. ಒಂದು ಗುದ್ದಿಗೆ ಬೀಳುತ್ತಿದ್ದರು. ಕೆಲವರು ಗುದ್ದು ಬರುವ ಮೊದಲೇ ಬಿದ್ದರು. ವರ್ತಕ ಬೆಳ್ಳಿ ಬಿಲ್ಲೆಯ ಒಂದು ನಡುಪಟ್ಟಿ ಮಾಡಿಸಿ ಮಲ್ಲನ ಸೊಂಟಕ್ಕೆ ಕಟ್ಟಿ, ಇವನೇ ಜಗಜಟ್ಟಿ ಎಂದು ಡಂಗುರ ಹೊಡೆಸಿದ. ಆಚೆಯ ವರ್ತಕ ಸುಮ್ಮನಿರುತ್ತಾನೆಯೇ? ಅವನೂ ಒಂದು ಪಟ್ಟಿ ಮಾಡಿಸಿದ. ಅದನ್ನು ಕಂಡು ಸುತ್ತಲಿನ ಊರುಗಳೂ ಮಾಡಿಸಿದವು. ಇರುವ ಜಗತ್ತು ಒಂದೇ. ಜಗಜಟ್ಟಿಗಳು ಮಾತ್ರ ಊರಿಗೊಬ್ಬರಾದರು. ಅಕ್ಕಸಾಲಿಗನಿಗೆ ಕೈತುಂಬ ಕೆಲಸ ಸಿಕ್ಕಿತು.

ಆಮೇಲೆ ಕಣದ ಸುತ್ತ ಎತ್ತರದ ಪರದೆ ಬಂತು. ಉಳ್ಳವರು ಕಾಸು ಕೊಟ್ಟು ಒಳಗೆ ಹೋದರು. ಅಲ್ಲಿಯ ತನಕ ಬೇಲಿ ಹತ್ತಿ, ಮರದ ಕೊಂಬೆ ಹಿಡಿದು ನೋಡುತ್ತಿದ್ದವರು ಹೊರಗೆ ನಿಂತು ಸದ್ದು ಕೇಳಿದರು. ಬರೀ ಸದ್ದು ಕೇಳುವುದಕ್ಕೆ ಎಷ್ಟು ದಿನ ನಿಂತಾರು? ಒಬ್ಬೊಬ್ಬರಾಗಿ ಮನೆಗೆ ಹೋದರು.

ಸಿಟ್ಟಾಗಿ ಹೋದವರಲ್ಲ ಅವರು. ಸಿಟ್ಟು ಬಂದಿದ್ದರೆ ಎಷ್ಟೋ ವಾಸಿ ಇತ್ತು. ಈ ವರ್ಷ ಕೂಡುತ್ತಾರೆ, ಮುಂದಿನ ವರ್ಷ ಕೂಡುತ್ತಾರೆ ಎಂದುಕೊಂಡು ಕಾದರು. ಕಾಯುತ್ತ ಕಾಯುತ್ತ ಮಾತು ಸಣ್ಣದಾಯಿತು. ಕ್ಷೌರದ ಅಂಗಡಿಯಲ್ಲಿ ಕೋಳಿ ಅಂಕದ ಸುದ್ದಿ ಬಂತು, ಯಾರದೋ ಮನೆಯ ಸೊಸೆಯ ಸುದ್ದಿ ಬಂತು. ದೋಣಿ ತನ್ನ ಪಾಡಿಗೆ ದಡ ಸೇರತೊಡಗಿತು. ಗಾಣಿಗ ಒಂದು ದಿನ ಮೀಸೆ ಕತ್ತರಿಸಿಕೊಂಡು ಬಂದ. ಏಕೆ ಕತ್ತರಿಸಿದೆ ಎಂದು ಯಾರೂ ಕೇಳಲಿಲ್ಲ. ಅವನಿಗೂ ನೆನಪಿತ್ತೋ ಇಲ್ಲವೋ.

ಮಲ್ಲ ಮಾತ್ರ ಮರೆಯಲಿಲ್ಲ. ತಲೆ ನೆರೆಯಿತು, ಬಲಗೈ ಭುಜದಿಂದ ಮೇಲೆ ಏಳದಾಯಿತು. ಮತ್ತೊಮ್ಮೆ ವರ್ತಕನ ಬಳಿ ಹೋಗಿ ಅದೇ ಮಾತು ಕೇಳಿದ. ವರ್ತಕ ಅಷ್ಟು ಹೊತ್ತಿಗೆ ಎಣ್ಣೆಯ ವ್ಯಾಪಾರಕ್ಕೆ ಇಳಿದಿದ್ದ. 'ಈಗ ಕಟ್ಟಿದರೆ ನೋಡುವವರು ಯಾರಪ್ಪ?' ಎಂದ. ಅವನ ದನಿಯಲ್ಲೂ ದುಃಖವಿತ್ತು, ಸುಳ್ಳು ಹೇಳಬಾರದು.

ಮರುದಿನ ಬೆಳಿಗ್ಗೆ ಮಲ್ಲ ಒಬ್ಬನೇ ದೋಣಿ ಹತ್ತಿದ. ದೋಣಿಯಲ್ಲಿದ್ದವರಿಗೆ ಅವನ ಗುರುತು ಸಿಗಲಿಲ್ಲ. ಆಚೆ ಊರಿನಲ್ಲಿ ದಾರಿ ಕೇಳುತ್ತ ಹೋಗಿ ಒಂದು ಮನೆಯ ಅಂಗಳದಲ್ಲಿ ನಿಂತ. ಒಬ್ಬ ಮುದುಕ ಬಿಸಿಲಿಗೆ ಮೈಯೊಡ್ಡಿ ಕೂತಿದ್ದ. ಪೆಟ್ಟು ತಿಂದೂ ತಿಂದೂ ಅವನ ತಲೆ ಒಂದೇ ಸಮನೆ ಅಲುಗುತ್ತಿತ್ತು. ಬಂದವನು ನಿಂತ ಭಂಗಿಯನ್ನು ಅವನು ಕಾಲಿನಿಂದ ಹೆಗಲಿನ ತನಕ ನೋಡಿದ.

'ಬಂದೆಯಾ?' ಎಂದ. 'ತಡಮಾಡಿದೆ.'

'ನಾನು ಮಾಡಲಿಲ್ಲ.'

'ಗೊತ್ತು. ನಾನೂ ಮಾಡಲಿಲ್ಲ.'

ಆಚೆಯವನು ಗೋಡೆ ಹಿಡಿದು ಎದ್ದ. ಅಂಗೈ ಬಿಡಿಸಿ ಎದೆಯ ಮುಂದೆ ಹಿಡಿದ. 'ಒಂದು ಸಲ ಹೊಡೆ. ಹೇಗಿರುತ್ತಿತ್ತು ಎಂದಾದರೂ ತಿಳಿಯಲಿ' ಎಂದ. ಈಚೆಯವನು ಎಡಗಾಲು ಮುಂದಿಟ್ಟ. ಮೈಯಲ್ಲಿ ಉಳಿದದ್ದನ್ನೆಲ್ಲ ಒಟ್ಟುಮಾಡಿ ಹೊಡೆದ. ಬೇಲಿಯಾಚೆಯಿಂದ ನೆರೆಮನೆಯ ಹೆಂಗಸು ಇಣುಕಿ, ಮುದುಕರಿಬ್ಬರು ಏನೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಒಳಗೆ ಹೋದಳು.

ಆಚೆಯವನು ಇನ್ನೂ ಏನೋ ಬರಲಿದೆ ಎಂಬಂತೆ ಅಂಗೈ ಹಿಡಿದೇ ನಿಂತಿದ್ದ. ಆಮೇಲೆ, 'ಇದಲ್ಲ' ಎಂದ. 'ನಾನು ಕಾದದ್ದು ಇದಕ್ಕಲ್ಲ.'

ಈಚೆಯವನಿಗೆ ಅಳು ಬಂತು. ತಡೆದುಕೊಳ್ಳಲಿಲ್ಲ. ಆಚೆಯವನು ಆ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಬಹಳ ಹೊತ್ತಿನ ತನಕ ಬಿಡಲಿಲ್ಲ.

ಗುರು ಇಲ್ಲಿಗೆ ಮಾತು ನಿಲ್ಲಿಸಿದರು. ಸಿದ್ರಾಮ ಮುಂದಿನದಕ್ಕೆ ಕಾದ. ಅವರು ಮತ್ತೆ ಗ್ಲೌಸು ಕೈಗೆತ್ತಿಕೊಂಡರು. ಅವನಿಗೆ ತಡೆಯಲಾಗಲಿಲ್ಲ.

"ಉಸ್ತಾದರೇ, ಪ್ರಾಯದಲ್ಲಿ ಕೂಡಿದ್ದರೆ ಅವರಿಬ್ಬರಲ್ಲಿ ಯಾರು ಗೆಲ್ಲುತ್ತಿದ್ದರು?"

"ಅವರಿಬ್ಬರು ಎದುರಾದ ಹೊತ್ತಿಗೆ ಇದನ್ನು ಕೇಳುವವರು ಆ ಎರಡು ಊರಿನಲ್ಲಿ ಒಬ್ಬರೂ ಉಳಿದಿರಲಿಲ್ಲ, ತಮ್ಮಾ."