ಸೀಟಿನ ಬಣ್ಣ

"ಬುದ್ಧಿ, ಕ್ಷಮೆ ಕೇಳಲು ಹೋಗುವವನು ಎಷ್ಟು ಸಿದ್ಧನಾಗಿ ಹೋಗಬೇಕು?"

ಕೇಳಿದವನು ಶಿಷ್ಯ ಸಿದ್ದವೀರ. ತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದವಳು ಅಕ್ಕ. ಆ ಅಕ್ಕನಿಗೆ ಒಂದು ಮಾತೂ ಹೇಳದೆ ಅವನು ಮನೆ ಬಿಟ್ಟು ಬಂದು ಮಠ ಸೇರಿದ್ದ. ಅಂದಿನಿಂದ ಅವಳು ಮಠದ ಕಡೆ ತಲೆ ಹಾಕಿಲ್ಲ, ಇವನು ಊರಿನ ಕಡೆ ಹೋಗಿಲ್ಲ. ಹೋಗಬೇಕು ಎಂದು ಮಾತು ಜೋಡಿಸುತ್ತಲೇ ಇದ್ದಾನೆ. ಬೆಳಿಗ್ಗೆ ಸರಿ ಎನಿಸಿದ ಮಾತು ಸಂಜೆಗೆ ಸಪ್ಪೆ ಎನಿಸುತ್ತದೆ.

"ಸರಿಯಾದ ಮಾತು ಸಿಗುವ ತನಕ ಕಾಯುವುದೋ, ಸಿಕ್ಕಿದ್ದನ್ನೇ ಹಿಡಿದು ಹೊರಡುವುದೋ?"

ಗುರುಗಳು ಕಾಯಿ ಎನ್ನಲಿಲ್ಲ, ಹೊರಡು ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಕೊಬ್ಬರಿ ವ್ಯಾಪಾರಿ ಇದ್ದ. ಅವನಿಗೊಬ್ಬ ಅಣ್ಣ. ಅಪ್ಪ ತೀರಿಕೊಂಡ ಮೇಲೂ ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ಉಂಡು ಬಾಳುತ್ತಿದ್ದರು. ಅಪ್ಪ ಬಿಟ್ಟುಹೋದ ಹಳೆಯ ಕಾಲದ ಕರಿ ಕಾರೊಂದು ಶೆಡ್ಡಿನಲ್ಲಿ ನಿಂತಿತ್ತು. ಅದು ಓಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಆದರೂ ಅಣ್ಣ ಭಾನುವಾರ ಬಂತೆಂದರೆ ಒದ್ದೆ ಬಟ್ಟೆ ಹಿಡಿದು ಅದರ ಮೈ ಒರೆಸುತ್ತಿದ್ದ.

ಒಂದು ಸಲ ಅಣ್ಣ ಕಣ್ಣಿನ ಆಪರೇಷನ್ನಿಗೆಂದು ಮಗಳ ಊರಿಗೆ ಹೋದ. ಆ ವರ್ಷ ಕೊಬ್ಬರಿ ಹೆಚ್ಚು ಬಂದು ಮೂಟೆ ಇಡಲು ಜಾಗ ಸಾಲಲಿಲ್ಲ. ವ್ಯಾಪಾರಿ ಗುಜರಿಯವನನ್ನು ಕರೆಸಿ ಕಾರನ್ನು ಕೊಟ್ಟುಬಿಟ್ಟ. ಅಣ್ಣನಿಗೆ ಆಮೇಲೆ ಹೇಳಿದರಾಯಿತು ಎಂದುಕೊಂಡ. ಆಮೇಲೆ ಎಂದವನ ಆಮೇಲೆ ಯಾವತ್ತಾದರೂ ಬಂದದ್ದುಂಟೇ? ಬಂದದ್ದು ಅಣ್ಣ. ಹೊಸ ಕಣ್ಣಿನಲ್ಲಿ ಅವನು ಮನೆಯಲ್ಲಿ ಮೊದಲು ನೋಡಿದ್ದು, ಕಾರಿದ್ದ ಜಾಗದಲ್ಲಿ ಕೊಬ್ಬರಿ ಮೂಟೆ. ಅವನು ಬಯ್ಯಲಿಲ್ಲ, ಕೂಗಾಡಲಿಲ್ಲ. ಕೆಲವೇ ದಿನದಲ್ಲಿ ಹೆಂಡತಿಯನ್ನು ಕರೆದುಕೊಂಡು ಮಗಳ ಊರಿಗೆ ಹೋಗಿ ಬೇರೆ ಮನೆ ಮಾಡಿದ. ಮದುವೆ, ಗೃಹಪ್ರವೇಶ ಎಂದು ಕರೆದರೆ ಅತ್ತಿಗೆ ಬಂದು ಹೋಗುತ್ತಿದ್ದಳು. ಅಣ್ಣ ಬರಲಿಲ್ಲ.

ಬೈದಿದ್ದರೆ ತಮ್ಮ ತಡೆದುಕೊಳ್ಳುತ್ತಿದ್ದ. ಬಯ್ಯದೆ ಹೋದದ್ದು ಅವನನ್ನು ಒಳಗೊಳಗೇ ಕೊರೆಯಿತು. ಕಾರನ್ನಾದರೂ ತಿರುಗಿ ತರೋಣವೆಂದು ಹುಡುಕಿಕೊಂಡು ಹೋದ. ಗುಜರಿಯವನು ಆಗಲೇ ಅದನ್ನು ಬಿಚ್ಚಿ, ಕರಗಿಸಲು ಕಳಿಸಿಯಾಗಿತ್ತು.

ಒಮ್ಮೆ ಮೈಸೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ಅವನು ಒಂದು ಡಬ್ಬಿ ನೋಡಿದ. ಅದರ ಮೇಲೆ ಅದೇ ಕಾರಿನ ಚಿತ್ರ. ಒಳಗೆ ಪ್ಲಾಸ್ಟಿಕ್ಕಿನ ಬಿಡಿಭಾಗಗಳು. ಒಂದೊಂದನ್ನೇ ಕತ್ತರಿಸಿ, ಉಜ್ಜಿ, ಬಣ್ಣ ಬಳಿದು, ಅಂಟಿಸಿದರೆ ಅಂಗೈ ಮೇಲೆ ಕೂರುವಂಥ ಕಾರಾಗುತ್ತದೆ. ವ್ಯಾಪಾರಿಗೆ ಹೋದ ಜೀವ ಬಂದಂತಾಯಿತು. ಅಪ್ಪನ ಕಾರನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕಟ್ಟುತ್ತೇನೆ, ಅದನ್ನು ಹಿಡಿದು ಅಣ್ಣನ ಮುಂದೆ ನಿಲ್ಲುತ್ತೇನೆ, ಅಲ್ಲಿಯ ತನಕ ಮುಖ ತೋರಿಸುವುದಿಲ್ಲ ಎಂದು ನಿಶ್ಚಯಿಸಿದ.

ಮೂಟೆ ಎತ್ತಿದ ಕೈಗೆ ಆ ಕೆಲಸ ಸುಲಭಕ್ಕೆ ಒಲಿಯಲಿಲ್ಲ. ಆ ಅಂಟು ಪ್ಲಾಸ್ಟಿಕ್ಕನ್ನು ತುಸು ಕರಗಿಸಿಯೇ ಕೂಡಿಸುವಂಥದ್ದು. ಹನಿ ಹೆಚ್ಚಾದರೆ ಭಾಗವೇ ಕರಗುತ್ತದೆ. ಮೊದಲನೆಯ ಕಾರಿನ ಮಡ್‌ಗಾರ್ಡು ಹೀಗೆ ಹಾಳಾಯಿತು. ಎರಡನೆಯದರ ಗಾಜಿನ ಮೇಲೆ ಅಂಟು ಮೆತ್ತಿದ ಹೆಬ್ಬೆರಳು ಕೂತುಬಿಟ್ಟಿತು. ಒರೆಸಿದಷ್ಟೂ ಗಾಜು ಮಬ್ಬಾಯಿತು. ಅವನು ಮೂರನೆಯ ಡಬ್ಬಿ ತಂದ. ಅಷ್ಟು ಹೊತ್ತಿಗೆ ಕೈ ಪಳಗಿತ್ತು. ಎಂಜಿನ್ನಿಗೆ ಎಣ್ಣೆ ಜಿಡ್ಡು ಹತ್ತಿದಂತೆ ಬಣ್ಣ ಕೊಟ್ಟ. ಬಂಪರಿಗೆ ಬೆಳ್ಳಿಯ ಹೊಳಪು ತಂದ. ಕೂದಲಿನಂಥ ಕುಂಚ ಹಿಡಿದು ಅಪ್ಪನ ಕಾರಿನ ನಂಬರು ಬರೆದ. ಚಕ್ರಗಳಿಗೆ ಮನೆಯ ಅಂಗಳದ ಮಣ್ಣನ್ನೇ ಸವರಿದ. ನೋಡಿದವರು ಶಹಬಾಸ್ ಎಂದರು.

ಆದರೆ ಆ ಕೆಲಸಕ್ಕೊಂದು ಕಟ್ಟಳೆಯುಂಟು. ಒಳಗಿನದೆಲ್ಲ ಮುಗಿಯದೆ ಮೇಲಿನ ಮೈಯನ್ನು ಅಂಟಿಸುವಂತಿಲ್ಲ. ಅಂಟಿಸಿದ ಮೇಲೆ ಒಳಗೆ ಕುಂಚ ಹೋಗದು, ತೆರೆಯಬೇಕೆಂದರೆ ಒಡೆಯಬೇಕು. ಒಳಗೆ ಉಳಿದಿದ್ದು ಸೀಟು. ಅಪ್ಪನ ಕಾರಿನ ಸೀಟು ಯಾವ ಬಣ್ಣದ್ದೆಂದು ಅವನಿಗೆ ನೆನಪಾಗಲಿಲ್ಲ.

ಕಂದು ಎನಿಸಿತು, ಬಳಿದ. ಕಂದಲ್ಲ ಕೆಂಪು ಎನಿಸಿತು, ಕೆರೆದು ಕೆಂಪು ಬಳಿದ. ಮನೆಯಲ್ಲಿದ್ದ ಫೋಟೋಗಳೆಲ್ಲ ಕಪ್ಪು ಬಿಳುಪು. ಅವುಗಳಲ್ಲೂ ಅಪ್ಪ ಕಾರಿನ ಹೊರಗೇ ಠೀವಿಯಿಂದ ನಿಂತಿದ್ದ. ಒಳಗೆ ಯಾರು ನೋಡುತ್ತಾರೆ, ಏನಾದರೊಂದು ಬಳಿದು ಮುಚ್ಚಿಬಿಡು ಎಂದರು ಗೆಳೆಯರು. ಯಾರು ನೋಡುತ್ತಾರೆಂದು ಅವನಿಗೆ ಗೊತ್ತಿತ್ತು. ಆ ಸೀಟಿನಲ್ಲಿ ಅಪ್ಪನ ಪಕ್ಕ ಕೂತು ಗೇರು ಹಾಕಲು ಕಲಿತವನು ಅಣ್ಣ. ತಪ್ಪು ಬಣ್ಣ ಕಂಡರೆ, ಕಾರಂತೂ ಹೋಯಿತು, ಇವನಿಗೆ ಅದರ ನೆನಪೂ ಇಲ್ಲ ಎಂದಾನು. ಈ ಹೆದರಿಕೆಯಲ್ಲಿ ಕಾರು ಮೈಯಿಲ್ಲದೆ ಮೇಜಿನ ಮೇಲೆ ಉಳಿಯಿತು. ವರ್ಷಗಳು ಹೋದವು.

ಒಂದು ದಿನ ಹೆಂಡತಿ ಕಾಫಿ ತಂದಿಟ್ಟು ಹೇಳಿದಳು. "ನಿಮ್ಮಣ್ಣ ಈಗ ಕೋಲು ಹಿಡಿದೇ ನಡೆಯೋದಂತೆ. ನಿಮ್ಮತ್ತಿಗೆ ಫೋನು ಮಾಡಿದ್ರು."

"ಸೀಟೊಂದು ಬಾಕಿ. ಅದಾಗ್ಲಿ, ಹೊರಟುಬಿಡ್ತೀನಿ."

"ಹೀಗಂದು ಎಷ್ಟು ಯುಗಾದಿ ಆಯ್ತು? ನೀವು ಅದನ್ನ ಮುಗಿಸೋದ್ರೊಳಗೆ ನೋಡೋರೇ ಇಲ್ಲದ ಹಾಗಾದೀತು. ಗೊತ್ತಿಲ್ಲ ಅಂದ್ರೆ ಗೊತ್ತಿರೋರನ್ನ ಕೇಳಬೇಕಪ್ಪ. ಅದು ಗೊತ್ತಿರೋರು ಅವರನ್ನ ಬಿಟ್ಟು ಇನ್ಯಾರಿದ್ದಾರೆ?"

ವ್ಯಾಪಾರಿ ಮೈಯಿಲ್ಲದ ಕಾರನ್ನೇ ನೋಡುತ್ತ ಕೂತ. ಕಾಫಿ ಆರಿತು. ಆಮೇಲೆ ಅವನು ಎದ್ದು, ಕಾರನ್ನೂ ಅದರ ಮೈಯನ್ನೂ ಬೇರೆ ಬೇರೆಯಾಗಿ ಹತ್ತಿಯಲ್ಲಿ ಸುತ್ತಿ ತಿಂಡಿಯ ಡಬ್ಬಿಯಲ್ಲಿಟ್ಟು ಬಸ್ಸು ಹತ್ತಿದ.

ದಾರಿಯುದ್ದಕ್ಕೂ ಅವನು ಮಾತು ಜೋಡಿಸಿದ. ಬಾಗಿಲು ತೆರೆದವನು ಅಣ್ಣನೇ. ಅವನನ್ನು ಕಂಡದ್ದೇ ತಡ, ಜೋಡಿಸಿದ್ದೆಲ್ಲ ಹಾರಿಹೋಯಿತು. ವ್ಯಾಪಾರಿ ಡಬ್ಬಿ ತೆರೆದು ಮುಂದೆ ಹಿಡಿದ.

"ಅಣ್ಣಾ, ಅಪ್ಪನ ಕಾರಿನ ಸೀಟು ಯಾವ ಬಣ್ಣ ಇತ್ತು?"

ಅಣ್ಣ ಇವನ ಮುಖ ನೋಡಿದ. ಡಬ್ಬಿ ನೋಡಿದ. ಕೋಲನ್ನು ಗೋಡೆಗೆ ಒರಗಿಸಿ, ಕಾರನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದ. ನಂಬರನ್ನು ಬಾಯೊಳಗೇ ಓದಿಕೊಂಡ.

"ಕೆಂಪು," ಎಂದ ಅಣ್ಣ. "ಅಲ್ಲ, ತಡಿ. ಹಸಿರು. ಅದೂ ಅಲ್ವಲ್ಲ." ತಲೆ ಕೆರೆದುಕೊಂಡ. ಆಮೇಲೆ ಅವನ ಮುಖ ಬದಲಾಯಿತು. "ಲೋ, ಅದರ ಮೇಲೆ ಅಪ್ಪ ಯಾವಾಗ್ಲೂ ಜಮಖಾನ ಹಾಸಿರ್ತಿದ್ರಲ್ಲೋ. ಸೀಟು ಕೊಳೆಯಾಗುತ್ತೆ ಅಂತ ಯಾರಿಗೂ ತೆಗೆಯೋಕೆ ಬಿಡ್ತಿರ್ಲಿಲ್ಲ. ಆ ಸೀಟನ್ನ ಕಂಡೋರು ಯಾರು?"

ತಮ್ಮನಿಗೂ ಆಗ ನೆನಪಾಯಿತು. ಪಟ್ಟೆ ಪಟ್ಟೆಯ ಜಮಖಾನ, ಕೂತರೆ ತೊಡೆಗೆ ಚುಚ್ಚುತ್ತಿತ್ತು. ಯಾರೂ ಕಾಣದ ಬಣ್ಣಕ್ಕೆ ಹೆದರಿ ಅವನು ಇಷ್ಟು ವರ್ಷ ಮನೆಯಲ್ಲಿ ಕೂತಿದ್ದ. ಅವನಿಗೆ ನಗು ಬಂತು. ಈಗ ನಗಬಾರದೆಂದು ತುಟಿ ಕಚ್ಚಿದ. ಅಷ್ಟರಲ್ಲಿ ಅಣ್ಣನೇ ನಕ್ಕುಬಿಟ್ಟ. ಇಬ್ಬರೂ ಹೊಸ್ತಿಲಿನ ಆಚೆಗೊಬ್ಬ ಈಚೆಗೊಬ್ಬ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗು ನಿಂತ ಮೇಲೆ ತಮ್ಮ ಹೇಳಿದ. "ಆ ಕಾರು ಕೊಟ್ಟಿದ್ದು ತಪ್ಪಾಯ್ತಣ್ಣ."

"ಕಾರು ಹಾಳಾಗ್ಲಿ ಬಿಡೋ. ಮಳೆ ಬಂದ್ರೆ ಅದರೊಳಗೂ ಛತ್ರಿ ಹಿಡೀಬೇಕಿತ್ತು. ನಾನಾದ್ರೂ ಒಂದು ದಿನ ಗುಜರಿಗೇ ಹಾಕ್ತಿದ್ದೆ." ಅಣ್ಣ ಕಾರನ್ನು ಜೋಪಾನವಾಗಿ ಡಬ್ಬಿಯಲ್ಲಿಟ್ಟ. "ನನ್ನನ್ನ ಒಂದು ಮಾತು ಕೇಳ್ಲಿಲ್ವಲ್ಲ ನೀನು. ಅದು ಮನಸ್ಸಲ್ಲಿ ಕೂತುಬಿಟ್ಟಿತ್ತು. ಇವತ್ತು ಕೇಳಿದೆಯಲ್ಲ, ಸಾಕು. ಒಳಗೆ ಬಾ."

ತಮ್ಮನಿಗೆ ಹೊತ್ತ ಮೂಟೆ ಇಳಿಸಿದಷ್ಟು ಹಗುರವಾಯಿತು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನಡೆದ. ಅತ್ತಿಗೆ ಗದರಿದ ಮೇಲೆ ಹಿಂದಕ್ಕೆ ಬಂದು ಅವನ್ನು ಕಳಚಿಟ್ಟ. ಊಟಕ್ಕೆ ಕೂತಾಗ ಅಣ್ಣ ತಮ್ಮ ಇಬ್ಬರೂ, ಜಮಖಾನದ ಪಟ್ಟೆ ನೀಲಿಯೋ ಹಸಿರೋ ಎಂದು ಜಗಳವಾಡುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಸಿದ್ದವೀರ ನೀಳವಾಗಿ ಉಸಿರು ಬಿಟ್ಟ. ಆ ಅಣ್ಣ ತಮ್ಮಂದಿರು ಕೂಡಿದ್ದಕ್ಕೆ ಅವನ ಮನಸ್ಸೂ ತಿಳಿಯಾಗಿತ್ತು. ಆದರೆ ಓದಿಕೊಂಡವನು, ಅಷ್ಟಕ್ಕೆ ಬಿಡುವನೇ?

"ಹಾಗಾದರೆ ನಾನು ಅಕ್ಕನ ಹತ್ತಿರ ಯಾವ ಮಾತು ತೆಗೆದುಕೊಂಡು ಹೋಗಲಿ, ಬುದ್ಧಿ?"

"ನೀನು ಹೇಳದೆ ಹೊರಟ ದಿನ ಅವಳು ಎಷ್ಟು ಹೊತ್ತಿನ ತನಕ ಉಣ್ಣದೆ ನಿನಗಾಗಿ ಕಾದಳು, ಅದು ನಿನಗೆ ಗೊತ್ತಿಲ್ಲವಲ್ಲ, ಹೋಗಿ ಅದನ್ನು ಕೇಳು."